ಬೋನ್‌ನಿಂದ ಮಾಕೊಂಗೆ ಸೈಕಲ್: ಬರ್ಗಂಡಿಯ ದ್ರಾಕ್ಷಿ ಸೀಮೆಯಲ್ಲಿ ಕಾರುಗಳ ಕಾಟವಿಲ್ಲದ ದಾರಿ

ಫ್ರಾನ್ಸಿನ ಸೈಕಲ್ ನಕ್ಷೆಗಳಲ್ಲಿ ಎರಡು ಪದ ಪದೇಪದೇ ಸಿಗುತ್ತವೆ: ವುವಾ ವೆರ್ತ್ ಮತ್ತು ವೇಲೋರೂತ್. ಎರಡೂ ಒಂದೇ ಎಂದುಕೊಂಡು ಹೊರಟವರು ಮೊದಲ ದಿನವೇ ಪೇಚಿಗೆ ಸಿಲುಕುತ್ತಾರೆ. ವುವಾ ವೆರ್ತ್, ಅಂದರೆ ಹಸಿರು ದಾರಿ, ಮೋಟಾರು ವಾಹನಕ್ಕೆ ನಿಷಿದ್ಧ. ಅದರ ಬಾಯಲ್ಲಿ ನಡೆಯುವವರ ಮತ್ತು ಸೈಕಲ್ಲಿನ ಚಿತ್ರವಿರುವ ನೀಲಿ ಚೌಕ ಫಲಕ ಇರುತ್ತದೆ. ವೇಲೋರೂತ್ ಬರೀ ಗುರುತು ಹಾಕಿದ ಸೈಕಲ್ ಮಾರ್ಗ. ಅದು ಹಸಿರು ದಾರಿಯಲ್ಲೂ ಹೋಗಬಹುದು, ಕಾರು ಓಡಾಡುವ ಹಳ್ಳಿ ರಸ್ತೆಯಲ್ಲೂ ಹೋಗಬಹುದು.

ಇನ್ನೊಂದು ತೊಡಕು ನೆಲದ್ದು. ದ್ರಾಕ್ಷಿ ಬೆಳೆಯುವುದು ಇಳಿಜಾರಿನಲ್ಲಿ. ಹಳೆಯ ರೈಲು ಹಳಿ ಮತ್ತು ಕಾಲುವೆ ಹೋಗುವುದು ಕೆಳಗಿನ ಸಮತಟ್ಟಿನಲ್ಲಿ. ಹಸಿರು ದಾರಿಗಳು ಬಹುಪಾಲು ಆಗಿರುವುದು ಹಳಿ ಕಿತ್ತ ಜಾಗದಲ್ಲಿ ಅಥವಾ ಕಾಲುವೆ ದಂಡೆಯಲ್ಲಿ. ಹಾಗಾಗಿ ವಾಹನ ಪೂರ್ತಿ ಇಲ್ಲದ ಕಡೆ ದ್ರಾಕ್ಷಿ ದೂರದ ನೋಟ. ಬಳ್ಳಿ ಕೈಗೆಟಕುವ ಕಡೆ ತೋಟದ ಗಾಡಿಗಳ ಜೊತೆ ದಾರಿ ಹಂಚಿಕೊಳ್ಳಬೇಕು. ಈ ಎರಡೂ ಒಂದೇ ಪಯಣದಲ್ಲಿ ಸಿಗಬೇಕೆಂದರೆ ಬೋನ್, ಶಾನ್ಯಿ, ಶಾಲೊಂ, ಜಿವ್ರಿ, ಕ್ಲೂನಿ, ಮಾಕೊಂ ಸಾಲೇ ಒಳ್ಳೆಯದು. ಒಟ್ಟು ಸುಮಾರು 125 ಕಿ.ಮೀ. ಮೂರು ದಿನ ಸಾಕು, ನಾಲ್ಕಾದರೆ ಸುಖ.

ಹೋಗುವುದಾದರೆ ಉತ್ತರದಿಂದ ದಕ್ಷಿಣಕ್ಕೇ ಹೋಗಿ. ಇಲ್ಲಿ ಉತ್ತರ-ಈಶಾನ್ಯದಿಂದ ಬೀಸುವ ಒಣ ಚಳಿಗಾಳಿಗೆ 'ಬೀಸ್' ಎಂದು ಹೆಸರು. ಅದು ಎದ್ದ ದಿನ ಬೆನ್ನಿಗಿದ್ದರೆ ಪೆಡಲ್ ತಾನೇ ತಿರುಗುತ್ತದೆ, ಎದುರಿಗಿದ್ದರೆ ಗಂಟೆಗೆ ಹತ್ತು ಕಿ.ಮೀ. ದಾಟುವುದೂ ಕಷ್ಟ.

ಬೋನ್‌ನಿಂದ ಸಾಂತನೆ: ತೋಟದೊಳಗಿನ 22 ಕಿ.ಮೀ.

ಈ ತುಂಡಿಗೆ ವುವಾ ದೆ ವಿನ್ಯ್, ದ್ರಾಕ್ಷಿ ದಾರಿ, ಎಂದೇ ಹೆಸರು. ಪೊಮಾರ್, ವೊಲ್ನೆ, ಮರ್ಸೋ, ಪುಲಿನ್ಯಿ-ಮೊಂರಾಶೆ, ಶಸಾನ್-ಮೊಂರಾಶೆ, ಸಾಂತನೆ: ವೈನ್ ಬಾಟಲಿಯ ಚೀಟಿಯಲ್ಲಿ ಓದುವ ಊರುಗಳೆಲ್ಲ ಮೂರು-ನಾಲ್ಕು ಕಿ.ಮೀ.ಗೊಂದು ಬರುತ್ತವೆ. ಪೊಮಾರ್, ವೊಲ್ನೆಗಳಲ್ಲಿ ಕೆಂಪು ವೈನಿನ ಪಿನೋ ನ್ವಾರ್ ಬಳ್ಳಿ. ಮರ್ಸೋ, ಪುಲಿನ್ಯಿಗಳಲ್ಲಿ ಬಿಳಿ ವೈನಿನ ಶಾರ್ದೊನೆಯದೇ ದರ್ಬಾರು. ಈ ಇಳಿಜಾರಿನ ತುಂಡುತುಂಡು ತೋಟಗಳಿಗೆ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದೆ.

ದಾರಿ ಹೆಚ್ಚಾಗಿ ಕಾಂಕ್ರೀಟು ಅಥವಾ ಡಾಂಬರು ಹಾಕಿದ ತೋಟದ ಹಾದಿ. ಹೊರಗಿನ ಕಾರುಗಳು ಕಾಣುವುದು ಅಪರೂಪ, ಆದರೆ ಟ್ರ್ಯಾಕ್ಟರ್ ಇದ್ದೇ ಇರುತ್ತದೆ. ಇಲ್ಲಿ ಬಳ್ಳಿ ಸೊಂಟದೆತ್ತರ, ಸಾಲಿಂದ ಸಾಲಿಗೆ ಒಂದೇ ಮೀಟರ್. ಮಾಮೂಲಿ ಟ್ರ್ಯಾಕ್ಟರ್ ನಡುವೆ ತೂರುವುದಿಲ್ಲ. ಅದಕ್ಕೆಂದೇ ಕಾಲು ಅಗಲಿಸಿ ನಿಂತ ಮನುಷ್ಯನ ಹಾಗಿರುವ ಯಂತ್ರ ಬಳಸುತ್ತಾರೆ. ಹೆಸರು ಆಂಜಾಂಬರ್. ಚಕ್ರಗಳು ಸಾಲಿನ ಆಚೀಚೆ, ಬಳ್ಳಿ ಅದರ ಹೊಟ್ಟೆಯಡಿ, ಚಾಲಕ ಮೇಲೆ ಅಟ್ಟದಲ್ಲಿ ಕೂತಂತೆ. ಅಷ್ಟೆತ್ತರದಲ್ಲಿ ಕೂತವನಿಗೆ ಚಕ್ರದ ಬುಡದಲ್ಲಿರುವ ಸೈಕಲ್ ಕಾಣುವುದಿಲ್ಲ. ಅದು ಬಂದರೆ ದಾರಿಯಂಚಿಗೆ ಸರಿದು, ಒಂದು ಕಾಲು ನೆಲಕ್ಕೂರಿ ನಿಂತು, ಚಾಲಕನ ಕಣ್ಣು ನಿಮ್ಮ ಮೇಲೆ ಬಿದ್ದ ಮೇಲೆ ಹೊರಡಿ. ಪಕ್ಕದಿಂದ ನುಸುಳಿ ಮುಂದೆ ಹೋಗುವ ಸಾಹಸ ಬೇಡ.

ತೋಟಗಳ ಸುತ್ತ ಒಣಕಲ್ಲಿನ ಗೋಡೆಗಳಿವೆ. ನೋಡಲು ಚೆಂದ, ಆದರೆ ಎರಡು ಗೋಡೆ ಸೇರುವ ಮೂಲೆಯಲ್ಲಿ ಆಚೆಯದು ಏನೂ ಕಾಣದು. ವೇಗ ತಗ್ಗಿಸಿ, ಬೆಲ್ ಹೊಡೆಯಿರಿ. ಹಳ್ಳಿಯೊಳಗೆ ಫಲಕವೇ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು, ಅವರು ಸಂದಿಯಿಂದ ಬಂದರೂ ಸರಿ. ಫ್ರಾನ್ಸಿನಲ್ಲಿ ಓಡಿಸುವುದು ರಸ್ತೆಯ ಬಲಕ್ಕೆ. ಎಡಕ್ಕೆ ಓಡಿಸಿ ಬೆಳೆದ ನಮ್ಮವರು ಎಡವುವುದು ಹೆದ್ದಾರಿಯಲ್ಲಲ್ಲ. ಊಟ ಮುಗಿಸಿ ಖಾಲಿ ಬೀದಿಗೆ ಸೈಕಲ್ ಇಳಿಸಿದಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಹ್ಯಾಂಡಲ್‌ನ ಬಲತುದಿಗೆ ಒಂದು ಬಣ್ಣದ ಟೇಪು ಸುತ್ತಿಡಿ. ಹುಡುಗಾಟ ಅನಿಸಿದರೂ ಕೆಲಸ ಮಾಡುತ್ತದೆ.

ಮೇ, ಜೂನ್‌ನಲ್ಲಿ ಬಳ್ಳಿಗೆ ಔಷಧಿ ಹೊಡೆಯುವ ಕಾಲ. ಹನಿಯ ಮೋಡ ಕಂಡರೆ ಗಾಳಿ ಬೀಸಿ ಬರುವ ಕಡೆಗೆ ಸರಿದು ನಿಂತು ಅದು ಮುಗಿಯಲಿ ಎಂದು ಕಾಯಿರಿ. ಸೆಪ್ಟೆಂಬರ್‌ನಲ್ಲಿ ಕೊಯ್ಲು, ಟ್ರೇಲರ್‌ನಿಂದ ಬಿದ್ದು ಜಜ್ಜಿಹೋದ ಹಣ್ಣಿನ ಮೇಲೆ ತಿರುವಿನಲ್ಲಿ ಬ್ರೇಕ್ ಹಿಡಿದರೆ ಬಾಳೆಸಿಪ್ಪೆಯ ಮೇಲೆ ಕಾಲಿಟ್ಟಂತೆ. ಹಣ್ಣು ಕಿತ್ತು ತಿನ್ನುವುದು, ಸೈಕಲ್ಲನ್ನು ಬಳ್ಳಿಯ ತಂತಿಗೆ ಒರಗಿಸುವುದು ಎರಡೂ ಬೇಡ. ಇಡೀ 22 ಕಿ.ಮೀ.ಯಲ್ಲಿ ನೆರಳು ಹೆಸರಿಗಷ್ಟೇ. ಜುಲೈ-ಆಗಸ್ಟ್‌ನಲ್ಲಾದರೆ ಬೆಳಗ್ಗೆ ಎಂಟಕ್ಕೇ ಬೋನ್ ಬಿಡಿ. ವೊಲ್ನೆಯ ಹತ್ತಿರ ಚಿಕ್ಕ ಏರುಗಳಿವೆ, ಸಾಮಾನು ಹೇರಿದ್ದರೆ ಸಣ್ಣ ಗೇರ್ ಬೇಕಾಗುತ್ತದೆ.

ಕಾಲುವೆ ದಂಡೆ

ಸಾಂತನೆಯಿಂದ ಶಾನ್ಯಿಗೆ ಐದು ಕಿ.ಮೀ., ಅಲ್ಲಿಂದ ಶಾಲೊಂಗೆ ಇಪ್ಪತ್ತರ ಆಸುಪಾಸು. ಕನಾಲ್ ದ್ಯು ಸಾಂತ್ರ್ ಎಂಬ ಈ ಕಾಲುವೆ ಸೋನ್ ಮತ್ತು ಲ್ವಾರ್ ನದಿಗಳನ್ನು ಸೇರಿಸುತ್ತದೆ. ಹಿಂದೆ ದೋಣಿ ಎಳೆಯುವ ಕುದುರೆ ನಡೆಯುತ್ತಿದ್ದ ದಂಡೆಯೇ ಇಂದಿನ ಸೈಕಲ್ ದಾರಿ. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗಿನ ಯೂರೋವೇಲೋ 6 ಕೂಡ ಇದೇ ದಂಡೆಯ ಮೇಲೆ ಬರುತ್ತದೆ, ಆ ಫಲಕ ಹಿಡಿದರೆ ದಾರಿ ತಪ್ಪದು. ಚಪ್ಪಟೆ ದಾರಿ. ತೊಂದರೆ ಒಂದೇ: ಮರದ ಬೇರು ಡಾಂಬರನ್ನು ಎಬ್ಬಿಸಿದ ಉಬ್ಬುಗಳು. ನೆರಳಿನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಕ್ಯಾರಿಯರ್ ಚೀಲದ ಕೊಕ್ಕೆ ಕಳಚುವುದು ಇಲ್ಲೇ. ಶಾನ್ಯಿಯಿಂದ ರುಯ್ಯಿ, ಮರ್ಕ್ಯುರೆ ಮೇಲೆ ನೇರ ಜಿವ್ರಿಗೆ ಹೋದರೆ ದೂರ ಕಡಿಮೆ, ದ್ರಾಕ್ಷಿಯೂ ಹೆಚ್ಚು. ಆದರೆ ಅದು ಏರಿಳಿತದ ಕಾರು ರಸ್ತೆ.

ಜಿವ್ರಿಯಿಂದ ಕ್ಲೂನಿ: ಹಳಿ ಇದ್ದ ಜಾಗ

ಶಾಲೊಂನಿಂದ ಜಿವ್ರಿಗೆ ಹತ್ತು ಕಿ.ಮೀ. ಅಲ್ಲಿಂದ ಕ್ಲೂನಿವರೆಗಿನ 44 ಕಿ.ಮೀ. ಫ್ರಾನ್ಸಿನ ಮೊದಲ ವುವಾ ವೆರ್ತ್, 1997ರದ್ದು. ರೈಲು ಕಡಿದಾದ ಏರು ಹತ್ತಲಾರದು, ಆದ್ದರಿಂದ ನಿಮಗೂ ಅಂಥ ಏರಿಲ್ಲ. ಹಳೆಯ ನಿಲ್ದಾಣಗಳು ಇನ್ನೂ ಇವೆ. ಬ್ಯೂಸಿ (ಹೆಸರು ಕೇಳಿ ಗದ್ದಲದ ಊರೆಂದುಕೊಳ್ಳಬೇಡಿ, ಬರೆಯುವಾಗ ಎಕ್ಸ್ ಬಂದರೂ ಆಡುವಾಗ ಸಕಾರವೇ) ಮೊಂತಾನ್ಯಿ ಎಂಬ ಬಿಳಿ ವೈನಿನ ಊರು, ರೈತರ ಸಹಕಾರಿ ವೈನ್ ಮಳಿಗೆಯೂ ಇದೆ. ಮುಂದೆ ಸೇನ್-ಜಾಂಗು, ಕೋಟೆಮನೆಯ ಕೊರ್ಮತೇನ್, ನಂತರ ಕ್ಲೂನಿ. 910ರಲ್ಲಿ ಹುಟ್ಟಿದ ಅಲ್ಲಿನ ಮಠದ ಚರ್ಚು ರೋಮಿನ ಸಂತ ಪೀಟರ್ ಚರ್ಚು ಏಳುವವರೆಗೂ ಕ್ರೈಸ್ತ ಜಗತ್ತಿನಲ್ಲೇ ದೊಡ್ಡದಾಗಿತ್ತು. ಉಳಿದಿರುವುದು ಒಂದು ತುಣುಕು.

ಇಲ್ಲಿ ಅಪಾಯವಿರುವುದು ರಸ್ತೆ ಅಡ್ಡ ಬರುವಲ್ಲಿ ಮಾತ್ರ. ಹತ್ತಾರು ಕಿ.ಮೀ. ಕಾರೇ ಕಾಣದೆ ಬಂದ ಮೇಲೆ ಎಚ್ಚರ ಜಾರಿರುತ್ತದೆ. ದಾಟುವಲ್ಲಿ ಸಾಮಾನ್ಯವಾಗಿ ದಾರಿ ಬಿಡಬೇಕಾದವರು ಸೈಕಲ್ಲಿನವರೇ. ತಲೆಕೆಳಗಾದ ತ್ರಿಕೋನದ ಫಲಕ ಅದನ್ನೇ ಹೇಳುತ್ತದೆ. ಕಾರು ನುಗ್ಗದಿರಲೆಂದು ಹಾಕಿದ ಅಡ್ಡಗಂಬಿಗಳ ನಡುವೆ ಅಗಲ ಚೀಲ ಸಿಕ್ಕಿಕೊಳ್ಳುತ್ತದೆ. ಮಕ್ಕಳ ಟ್ರೇಲರ್ ಇದ್ದವರು ಇಳಿದು ತಳ್ಳಿ.

ಬ್ವಾ ಕ್ಲೇರ್ ಸುರಂಗ

ಕ್ಲೂನಿಯಿಂದ ಮಾಕೊಂಗೆ ಸುಮಾರು 25 ಕಿ.ಮೀ., ನಡುವೆ 1.6 ಕಿ.ಮೀ. ಉದ್ದದ ಹಳೆಯ ರೈಲು ಸುರಂಗ. ಹೊರಗೆ ಮೂವತ್ತೈದು ಡಿಗ್ರಿ ಇದ್ದಾಗಲೂ ಒಳಗೆ ಮೈ ನಡುಗುವ ತಂಪು. ಬೆವರಿದ ಮೈಯಲ್ಲಿ ನುಗ್ಗಬೇಡಿ, ಬಾಯಲ್ಲೇ ನಿಂತು ಜಾಕೆಟ್ ಹಾಕಿ, ತಂಪುಕನ್ನಡಕ ತೆಗೆಯಿರಿ. ಒಳಗೆ ದೀಪಗಳಿವೆ, ಆದರೂ ನಿಮ್ಮ ಲೈಟು ಹಚ್ಚಿ: ಅದು ನಿಮಗೆ ಕಾಣಲೆಂದಲ್ಲ, ಎದುರಿನವರಿಗೆ ನೀವು ಕಾಣಲೆಂದು. ಚಳಿಗಾಲದಲ್ಲಿ ಸುರಂಗದಲ್ಲಿ ಬಾವಲಿಗಳು ನಿದ್ದೆಗೆ ಬೀಳುತ್ತವೆ, ಅವಕ್ಕಾಗಿ ಗೇಟು ಮುಚ್ಚುತ್ತಾರೆ. ಆಗ ಗುಡ್ಡ ಹತ್ತಿಳಿಯುವ ಬದಲಿ ದಾರಿಯೇ ಗತಿ, ಅಲ್ಲಿ ಏರು ನಿಜವಾದದ್ದು. ಚಳಿಗಾಲಕ್ಕೆ ಆಚೀಚೆ ಹೋಗುವವರು ತೆರೆದಿದೆಯೇ ಎಂದು ಕ್ಲೂನಿಯ ಪ್ರವಾಸಿ ಕಚೇರಿಯಲ್ಲಿ ಕೇಳಿಕೊಂಡೇ ಹೊರಡಿ.

ಸೈಕಲ್ಲು, ನೀರು, ಊಟ

ರೇಸ್ ಸೈಕಲ್ಲಿನ 25 ಮಿ.ಮೀ. ಟೈರಿಗೆ ಬೇರಿನ ಉಬ್ಬು, ಕಾಂಕ್ರೀಟಿನ ಸಂದು ಎರಡೂ ಶಿಕ್ಷೆ. 35ರಿಂದ 40 ಮಿ.ಮೀ. ಸರಿಯಾದ ಅಳತೆ. 75 ಕಿಲೋ ತೂಕದವರು 12 ಕಿಲೋ ಸಾಮಾನು ಹಿಂದೆ ಹೇರಿದರೆ, 35 ಮಿ.ಮೀ. ಟೈರಿಗೆ ಹಿಂದೆ 55, ಮುಂದೆ 45 ಪಿಎಸ್‌ಐನಿಂದ ಶುರುಮಾಡಿ ನೋಡಿ. ಗಾಳಿ ಕಡಿಮೆಯಾದರೆ ಉಬ್ಬಿಗೆ ರಿಮ್ ಬಡಿದು ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು. ಒಂಟಿ ತೂತಾದರೆ ಮುಳ್ಳು: ದಾರಿ ಬದಿಯ ಪೊದೆ ಸವರಿದ ಮೇಲೆ ಚೂರುಗಳು ಡಾಂಬರಿನ ಮೇಲೆಯೇ ಉಳಿಯುತ್ತವೆ. ಪ್ಯಾಚ್ ಹಾಕುವ ಮುನ್ನ ಟೈರಿನ ಒಳಮೈಯನ್ನು ಬೆರಳಿಂದ ನಿಧಾನಕ್ಕೆ ಸವರಿ ಮುಳ್ಳಿನ ಮೊನೆ ಹುಡುಕಿ ತೆಗೆಯಿರಿ, ಇಲ್ಲದಿದ್ದರೆ ಹೊಸ ಟ್ಯೂಬೂ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಎರಡು ಟ್ಯೂಬ್, ಪ್ಯಾಚ್ ಡಬ್ಬಿ, ಎರಡು ಟೈರ್ ಲಿವರ್, ಪಂಪು ಇರಲಿ. ಬಾಡಿಗೆ ಸೈಕಲ್ ಪಡೆಯುವಾಗಲೇ ವಾಲ್ವ್ ಯಾವುದು ನೋಡಿ; ತೆಳ್ಳಗಿನ ಪ್ರೆಸ್ಟಾ ಆಗಿದ್ದರೆ ಊರಿಂದ ತಂದ ಪಂಪಿನ ತಲೆ ಕೂರದಿರಬಹುದು.

ಕುಡಿಯುವ ನೀರಿಗೆ ಸ್ಮಶಾನ ಹುಡುಕಿ. ತಮಾಷೆಯಲ್ಲ: ಫ್ರೆಂಚ್ ಹಳ್ಳಿಗಳಲ್ಲಿ ಸಮಾಧಿಯ ಹೂವಿಗೆಂದು ಗೇಟಿನ ಬಳಿ ನಲ್ಲಿ ಇಟ್ಟಿರುತ್ತಾರೆ. 'ನೊಂ ಪೊತಾಬ್ಲ್' ಎಂಬ ಚೀಟಿ ಇದ್ದರೆ ಅದು ಕುಡಿಯಲಲ್ಲ. ಊಟ ಸಿಗುವುದು ಹನ್ನೆರಡರಿಂದ ಒಂದೂವರೆಯೊಳಗೆ. ಎರಡಕ್ಕೆ ಹೋದರೆ ಒಲೆ ಆರಿರುತ್ತದೆ. ಭಾನುವಾರ ಮಧ್ಯಾಹ್ನ ಮತ್ತು ಸೋಮವಾರ ಹಳ್ಳಿಯ ಬೇಕರಿಗಳನ್ನು ನಂಬಬೇಡಿ, ಹಿಂದಿನ ದಿನವೇ ಬ್ರೆಡ್ಡು, ಚೀಸು, ಹಣ್ಣು ಕೊಂಡಿಡಿ. ಸಸ್ಯಾಹಾರಿಗಳು ಸಲಾಡ್ ಎಂದ ಕೂಡಲೇ ಒಪ್ಪಬಾರದು. ಅದರಲ್ಲಿ 'ಲಾರ್ದೊಂ' ಎಂಬ ಹಂದಿಮಾಂಸದ ಚೂರು ಇರುವುದು ಮಾಮೂಲು. 'ಸಾಂ ವ್ಯಾಂದ್, ಸಾಂ ಲಾರ್ದೊಂ', ಮಾಂಸವಿಲ್ಲದೆ, ಲಾರ್ದೊಂ ಇಲ್ಲದೆ, ಎಂದು ಎರಡನ್ನೂ ಹೇಳಿ.

ವೈನ್ ರುಚಿ ನೋಡುವವರಿಗೆ: ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೋಹಾಲ್ ಮಿತಿ ಸೈಕಲ್ಲಿಗೂ ಅನ್ವಯ, ಮೀರಿದರೆ 135 ಯೂರೋ ದಂಡ. ಬಾಯಾಡಿಸಿ ಉಗಿಯಲು ಪಾತ್ರೆ ಇಟ್ಟಿರುತ್ತಾರೆ. ಉಗಿದರೆ ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಬಾಟಲಿ ಕೊಂಡು ಬಿಸಿಲಲ್ಲಿ ಹೊತ್ತರೆ ವೈನ್ ಹಿಗ್ಗಿ ಬಿರಟೆಯನ್ನು ಮೇಲೆ ತಳ್ಳುತ್ತದೆ. ಕೊಳ್ಳುವುದಿದ್ದರೆ ಕೊನೆಯ ದಿನ ಕೊಳ್ಳಿ.

ರೈಲು

ದಿಜೊಂ, ಬೋನ್, ಶಾನ್ಯಿ, ಶಾಲೊಂ, ಮಾಕೊಂ ಎಲ್ಲ ಒಂದೇ ಹಳಿಯ ಮೇಲಿವೆ, ಹಾಗಾಗಿ ಮಳೆ ಹಿಡಿದರೆ ಶಾಲೊಂವರೆಗೆ ಎಲ್ಲಿ ಬೇಕಾದರೂ ಪಯಣ ಮೊಟಕುಗೊಳಿಸಬಹುದು. ಜಿವ್ರಿ ದಾಟಿದ ಮೇಲೆ ಆ ಅನುಕೂಲವಿಲ್ಲ. ಟಿಇಆರ್ ಎಂಬ ಪ್ರಾದೇಶಿಕ ರೈಲಿನಲ್ಲಿ ಸೈಕಲ್ಲನ್ನು ಬಿಚ್ಚದೆ ಏರಿಸಬಹುದು; ಸೈಕಲ್ ತೂಗುಹಾಕುವ ಕೊಕ್ಕೆಗಳು ಕೆಲವೇ ಇರುವುದರಿಂದ ಚೀಲಗಳನ್ನು ಪ್ಲಾಟ್‌ಫಾರ್ಮಿನಲ್ಲೇ ಕಳಚಿ ಕೈಯಲ್ಲಿ ಹಿಡಿದಿರಿ. ಟಿಜಿವಿ ಎಂಬ ಅತಿವೇಗದ ರೈಲಿನಲ್ಲಾದರೆ ಸೈಕಲ್ ಜಾಗವಿರುವ ರೈಲು ನೋಡಿ ಮೊದಲೇ ಕಾದಿರಿಸಬೇಕು, ಇಲ್ಲವೇ ಬಿಚ್ಚಿ 130 × 90 ಸೆಂ.ಮೀ. ಚೀಲದಲ್ಲಿ ಹಾಕಬೇಕು. ಮಾಕೊಂಗೆ ಎರಡು ನಿಲ್ದಾಣ: ಊರೊಳಗಿನ ಮಾಕೊಂ-ವಿಲ್, ಊರಾಚೆ ಕೆಲವು ಕಿ.ಮೀ. ದೂರದ ಮಾಕೊಂ-ಲೊಶೆ ಟಿಜಿವಿ. ಟಿಇಆರ್ ಹಿಡಿಯುವವರಿಗೆ ಬೇಕಾದದ್ದು ವಿಲ್.