ಮಂಡಿಪೇಟೆಯಲ್ಲಿ ಓಡಿದ ಮೇಲೇ ರಿಲೀಸ್

ನನ್ನ ಗೆಳೆಯನೊಬ್ಬ ದಾವಣಗೆರೆಯ ಮಂಡಿಪೇಟೆ ಕಡೆ ಡಿಟಿಪಿ ಅಂಗಡಿ ಇಟ್ಟಿದ್ದಾನೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಇಂಥವೇ ಕೆಲಸ. ಅವನ ಹಳೆಯ ಫೈಲುಗಳೆಲ್ಲ ನುಡಿ ಫಾಂಟಿನಲ್ಲಿವೆ. ಅದರಿಂದ ಒಂದು ಪ್ಯಾರಾ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಕನ್ನಡದ ಬದಲು ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅವನಿಗೋಸ್ಕರ ಬರೆದುಕೊಟ್ಟ ಸಣ್ಣ ಪೈಥಾನ್ ಸ್ಕ್ರಿಪ್ಟೇ ಮುಂದೆ ನಮ್ಮ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟ್ ಆಯಿತು. ಹಳೆಯ ನುಡಿ ಪಠ್ಯ ಕೊಟ್ಟರೆ ಯುನಿಕೋಡ್, ಅಂದರೆ ಫೋನಿನಲ್ಲೂ ವಾಟ್ಸಾಪಿನಲ್ಲೂ ಕನ್ನಡವಾಗಿಯೇ ಕಾಣುವ ಪಠ್ಯ, ಮಾಡಿಕೊಡುತ್ತದೆ, ಅಷ್ಟೇ. ಈಗ ಮೂರು ಜನ ಸೇರಿ ನೋಡಿಕೊಳ್ಳುತ್ತೇವೆ. ಕೋಡ್ ಬರೆಯಲು ಮೂವರೂ ಮುಂದೆ ಬರುತ್ತಾರೆ. ರಿಲೀಸ್ ಅಂದ ಕೂಡಲೇ ಇಬ್ಬರಿಗೂ ಬೇರೆ ಕೆಲಸ ನೆನಪಾಗುತ್ತದೆ.

ಇಲ್ಲಿ ಹೇಳುವುದು ಈ ಕನ್ವರ್ಟರಿನ 2.0.0 ವರ್ಷನ್ ಹೊರಗೆ ಬಂದ ಕತೆ. ಆದರೆ 1.3.0 ಕತೆ ಹೇಳದೆ ಇದಕ್ಕೆ ತಲೆ ಬರುವುದಿಲ್ಲ.

ಯಾವ ಹಳೆಯ ಗುರುತಿಗೆ ಯಾವ ಕನ್ನಡ ಅಕ್ಷರ ಅನ್ನುವ ಪಟ್ಟಿ ಮೊದಲು ಕೋಡಿನ ಒಳಗೇ ಇತ್ತು. 1.3.0ಕ್ಕೆ ಅದನ್ನು ಬೇರೆ ಜೇಸನ್ ಫೈಲ್ (ಕೋಡಿಲ್ಲದೆ ಮಾಹಿತಿ ಮಾತ್ರ ಇಡುವ ಫೈಲ್) ಮಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಟೆಸ್ಟ್ ಎಲ್ಲ ಪಾಸು. ಭಾನುವಾರ ರಾತ್ರಿ ಪೈಪಿಐಗೆ, ಅಂದರೆ ಪೈಥಾನ್ ಪ್ಯಾಕೇಜುಗಳನ್ನು ಎಲ್ಲರೂ ಇಳಿಸಿಕೊಳ್ಳುವ ಜಾಲತಾಣಕ್ಕೆ, ಏರಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ನಾಲ್ಕು ಇಶ್ಯೂ, ಅಂದರೆ ಬಳಸುವವರ ದೂರು. ನಾಲ್ಕರದ್ದೂ ಒಂದೇ ಗೋಳು: ಫೈಲ್ ಸಿಗುತ್ತಿಲ್ಲ. ಪೈಥಾನ್ ಕೋಡನ್ನು ಪ್ಯಾಕ್ ಮಾಡುವ ಟೂಲಿಗೆ ಈ ಜೇಸನ್ನನ್ನೂ ಸೇರಿಸಿಕೊಳ್ಳಪ್ಪ ಅಂತ ನಾನು ಹೇಳಿರಲೇ ಇಲ್ಲ. ಹಾಗಾಗಿ ಪ್ಯಾಕೇಜಿನ ಒಳಗೆ ಕೋಡ್ ಇತ್ತು, ಪಟ್ಟಿ ಇರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಯಾಕೆ ಅಂದರೆ, ಅಲ್ಲಿ ಪ್ಯಾಕೇಜ್ ಇನ್‌ಸ್ಟಾಲ್ ಆಗಿರಲಿಲ್ಲ. ಅದು ನೇರವಾಗಿ ನಾನು ಕೋಡ್ ಬರೆಯುವ ರೆಪೊ ಫೋಲ್ಡರನ್ನೇ ಓದುತ್ತಿತ್ತು. ಊಟ ಮನೆಯಲ್ಲೇ ಬಿಟ್ಟು ಬುತ್ತಿ ಚೀಲ ಮಾತ್ರ ಹೊಲಕ್ಕೆ ಕಳಿಸಿದ ಹಾಗೆ.

ಸರಿ ಮಾಡಿ ಅದೇ 1.3.0 ಹೆಸರಿನಲ್ಲಿ ಮತ್ತೆ ಏರಿಸೋಣ ಅಂದರೆ ಪೈಪಿಐ ಬಿಡುವುದಿಲ್ಲ. ಒಮ್ಮೆ ಬಳಸಿದ ಫೈಲ್ ಹೆಸರು, ಅಳಿಸಿದರೂ ಮತ್ತೆ ಬಳಸುವಂತಿಲ್ಲ. ಆ ನಿಯಮ ನನಗೆ ಆಗ ಸಿಟ್ಟು ತರಿಸಿತ್ತು, ಈಗ ಸರಿ ಅನ್ನಿಸುತ್ತದೆ. ಒಂದೇ ನಂಬರಿನ ಎರಡು ಬೇರೆ ಬೇರೆ ಪ್ಯಾಕೇಜ್ ಓಡಾಡಿಕೊಂಡಿದ್ದರೆ ಯಾರ ಹತ್ತಿರ ಯಾವುದಿದೆ ಅಂತ ಯಾರಿಗೆ ಗೊತ್ತಾಗಬೇಕು? ಹಾಗಾಗಿ 1.3.0 ಅನ್ನು ಯಾಂಕ್ ಮಾಡಿದೆ. ಯಾಂಕ್ ಅಂದರೆ ಅಳಿಸುವುದಲ್ಲ. ಅದೇ ಬೇಕು ಅಂತ ನಂಬರ್ ಹಾಕಿ ಕೇಳಿದವರಿಗೆ ಮಾತ್ರ ಸಿಗುತ್ತದೆ, ಮಿಕ್ಕವರಿಗೆ ಪಿಪ್ (ಪೈಪಿಐಯಿಂದ ತಂದು ಇನ್‌ಸ್ಟಾಲ್ ಮಾಡುವ ಟೂಲ್) ಅದನ್ನು ಕೊಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ 1.3.1 ಬಿಟ್ಟೆ.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡೆ. ಪ್ಯಾಕೇಜ್ ಕಟ್ಟಿದ ಮೇಲೆ ಖಾಲಿ ಫೋಲ್ಡರಿನಲ್ಲಿ ಹೊಸ ವರ್ಚುವಲ್ ಎನ್ವಿರಾನ್ಮೆಂಟ್ (ಹಳೆಯದೇನೂ ಇಲ್ಲದ ಪ್ರತ್ಯೇಕ ಪೈಥಾನ್) ಮಾಡಿ, ಕಟ್ಟಿದ ಫೈಲನ್ನೇ ಅಲ್ಲಿ ಇನ್‌ಸ್ಟಾಲ್ ಮಾಡಿ, ಅಲ್ಲಿಂದ ಟೆಸ್ಟ್ ಓಡಿಸುತ್ತೇನೆ. ಐದು ನಿಮಿಷದ ಕೆಲಸ.

ಈಗ 2.0.0. ಇದಕ್ಕೆ 2 ಅಂತ ಹಾಕಿದ್ದಕ್ಕೇ ನಮ್ಮೊಳಗೆ ಒಂದು ವಾರ ಜಗಳ. ಕಾರಣ ಕಣ್ಣಿಗೆ ಕಾಣದ ಒಂದು ಅಕ್ಷರ. ‘ಸೂರ್ಯ’ ಬರೆಯಿರಿ, ‘ರ‍್ಯಾಂಕ್’ ಬರೆಯಿರಿ. ಎರಡರಲ್ಲೂ ರಕಾರ, ಯಕಾರ ಸೇರಿವೆ. ಆದರೆ ಸೂರ್ಯದಲ್ಲಿ ಅರ್ಕಾವತ್ತು, ರ‍್ಯಾಂಕಿನಲ್ಲಿ ರ ಪೂರ್ತಿ ಇದ್ದು ಕೆಳಗೆ ಯ ಒತ್ತು. ಯುನಿಕೋಡಿನಲ್ಲಿ ಈ ಎರಡನೆಯದು ಬರಬೇಕಾದರೆ ರ ಆದಮೇಲೆ ಜೀರೋ ವಿಡ್ತ್ ಜಾಯ್ನರ್ ಅನ್ನುವ ಅಗಲವೇ ಇಲ್ಲದ ಅಕ್ಷರ ಹಾಕಬೇಕು. ನಮ್ಮ ಕನ್ವರ್ಟರ್ ಇದುವರೆಗೆ ಅದನ್ನು ಹಾಕುತ್ತಿರಲಿಲ್ಲ. ಹಾಗಾಗಿ ರ‍್ಯಾಂಕ್ ಹೋಗಿ ‘ರ್ಯಾಂಕ್’ ಆಗುತ್ತಿತ್ತು.

“ತಪ್ಪು ತಿದ್ದಿದ್ದೀವಿ ಅಲ್ವಾ, 1.3.2 ಅಂದರೆ ಸಾಕಲ್ಲ” ಅಂದರು ಜೊತೆಯವರು. ಲೆಕ್ಕ ಹಾಗೇ ಇದೆ: ಮೂರು ಅಂಕಿಯಲ್ಲಿ ಕೊನೆಯದು ತಪ್ಪು ತಿದ್ದಿದ್ದಕ್ಕೆ, ನಡುವಿನದು ಹೊಸದು ಸೇರಿಸಿದ್ದಕ್ಕೆ, ಮೊದಲನೆಯದು ಹಳೆಯದಕ್ಕೆ ಹೊಂದದ ಬದಲಾವಣೆ ಮಾಡಿದ್ದಕ್ಕೆ. ಆದರೆ ಯಾರೋ ಒಬ್ಬರು ಹಳೆಯ ವರ್ಷನ್ನಿನಲ್ಲಿ ಸಾವಿರ ಪುಟ ಕನ್ವರ್ಟ್ ಮಾಡಿಟ್ಟಿದ್ದಾರೆ ಅಂದುಕೊಳ್ಳಿ. ಹೊಸದರಲ್ಲಿ ಇನ್ನು ಸಾವಿರ ಪುಟ ಮಾಡುತ್ತಾರೆ. ಆಮೇಲೆ ‘ರ‍್ಯಾಲಿ’ ಅಂತ ಹುಡುಕಿದರೆ ಅರ್ಧ ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಯಾಕೆ ಸಿಗಲಿಲ್ಲ ಅಂತ ಅವರಿಗೆ ಹೊಳೆಯುವುದೂ ಇಲ್ಲ, ಕಾಣದ ಅಕ್ಷರ ನೋಡಿ. ಇಂಥದ್ದನ್ನು ಮೂರನೇ ಅಂಕಿಯಲ್ಲಿ ಸುಮ್ನೆ ತೂರಿಸುವುದು ನನಗೆ ಒಪ್ಪಿಗೆ ಆಗಲಿಲ್ಲ. ಕೊನೆಗೆ 2 ಅಂತಲೇ ಆಯಿತು.

ಚೇಂಜ್‌ಲಾಗ್ (ಏನೇನು ಬದಲಾಯಿತು ಅನ್ನುವ ಪಟ್ಟಿ) ಬರೆಯಲು ಒಂದು ಸಂಜೆ ಹಿಡಿಯಿತು. ಕೋಡ್ ಬದಲಾಯಿಸಿದಾಗಲೆಲ್ಲ ನಾವು ಬರೆದಿಡುವ ಕಮಿಟ್ ಮೆಸೇಜುಗಳನ್ನು ಹಾಗೇ ಸುರಿದರೆ ಅದು ನಮಗೆ ಮಾತ್ರ ಅರ್ಥ. “ಪಾರ್ಸರ್ ರಿಫ್ಯಾಕ್ಟರ್” ಅನ್ನುವುದನ್ನು ತೆಗೆದು “ರ‍್ಯಾಂಕ್, ರ‍್ಯಾಲಿ ಇನ್ನು ಸರಿಯಾಗಿ ಬರುತ್ತವೆ, ಹಳೆಯ ಫೈಲುಗಳ ಜೊತೆ ಸೇರಿಸಿ ಹುಡುಕುವವರು ಅವನ್ನು ಮತ್ತೊಮ್ಮೆ ಕನ್ವರ್ಟ್ ಮಾಡಿಕೊಳ್ಳಿ” ಅಂತ ಬರೆದೆ. ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು. ಲೈಸೆನ್ಸಿನದ್ದೂ ಒಂದು ಸಣ್ಣ ತಕರಾರಿತ್ತು. ಒಬ್ಬರು ಕಳಿಸಿದ್ದ ಪಟ್ಟಿ ಜಿಪಿಎಲ್ ಲೈಸೆನ್ಸಿನ ಪ್ರಾಜೆಕ್ಟ್ ಒಂದರಿಂದ ಎತ್ತಿದ್ದು, ನಮ್ಮದು ಎಂಐಟಿ ಲೈಸೆನ್ಸ್, ಎರಡರ ಷರತ್ತುಗಳೂ ಬೇರೆ. ಅದನ್ನು ತೆಗೆದು ನಾವೇ ಕೂತು ಹೊಸದಾಗಿ ಮಾಡಿದೆವು.

ಟೆಸ್ಟಿನ ಬಗ್ಗೆ ಒಂದು ಮಾತು. ಮೊದಲು ನಮ್ಮ ಟೆಸ್ಟ್ ಪದಗಳು ದಾವಣಗೆರೆ, ಹರಿಹರ, ಜಗಳೂರು. ಊರಭಿಮಾನ! ಆದರೆ ಇವುಗಳಲ್ಲಿ ಒಂದಾದರೂ ಒತ್ತಕ್ಷರ ಇದೆಯಾ ನೋಡಿ. ಎಷ್ಟು ಕೆಟ್ಟ ಕೋಡ್ ಬರೆದರೂ ದಾವಣಗೆರೆ ಪಾಸಾಗುತ್ತದೆ. ಪರೀಕ್ಷೆ ಇರುವುದು ದುರ್ಗದಲ್ಲಿ. ‘ಚಿತ್ರದುರ್ಗ’ ಅನ್ನುವ ಒಂದೇ ಪದದಲ್ಲಿ ರ ಒತ್ತೂ ಇದೆ, ಅರ್ಕಾವತ್ತೂ ಇದೆ. ನುಡಿಯ ಹಳೆಯ ಪಠ್ಯದಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಸಾಲಿನಲ್ಲೇ ಕೂತಿರುತ್ತವೆ: ದು, ಗ, ಆಮೇಲೆ ಅರ್ಕಾವತ್ತು. ಯುನಿಕೋಡಿನಲ್ಲಿ ಬಾಯಲ್ಲಿ ಹೇಳುವ ಸಾಲು: ದು, ರ್, ಗ. ಹಿಂದೆ ಕೂತಿದ್ದನ್ನು ಎತ್ತಿ ಮುಂದೆ ಕೂರಿಸಬೇಕು. ಅದರಲ್ಲಿ ಎಡವಿದರೆ ದುರ್ಗ ಹೋಗಿ ‘ದುಗರ್’ ಆಗುತ್ತದೆ. 1997ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯವರೇ ತಾನೇ, ಋಣ ತೀರಿಸಲು ಆ ಪದವನ್ನು ಟೆಸ್ಟಿನ ಮೊದಲ ಸಾಲಿಗೇ ಹಾಕಿದ್ದೇನೆ.

ಇಷ್ಟಾದ ಮೇಲೆ ನೇರವಾಗಿ 2.0.0 ಬಿಡಲಿಲ್ಲ. ಮೊದಲು ಆರ್‌ಸಿ1, ಅಂದರೆ ರಿಲೀಸ್ ಕ್ಯಾಂಡಿಡೇಟ್, ಕೊನೆಯ ಸಲ ಪರೀಕ್ಷೆ ಮಾಡಿ ನೋಡಲು ಬಿಡುವ ಪ್ರತಿ. ನಾವಾಗಿ ಕೇಳದೆ ಪಿಪ್ ಅದನ್ನು ಯಾರಿಗೂ ಕೊಡುವುದಿಲ್ಲ. ಅದನ್ನು ಪೈಪಿಐಗೆ ಹಾಕಿ, ಶನಿವಾರ ಸಂಜೆ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಗೆಳೆಯನ ಅಂಗಡಿಗೆ ಹೋದೆ. ಅವನದು ಇನ್ನೂ ವಿಂಡೋಸ್ 7. ಹಳೆಯ ಪೇಜ್‌ಮೇಕರ್ ಅದರಲ್ಲಿ ಚೆನ್ನಾಗಿ ಓಡುತ್ತದೆ, ಅದಕ್ಕೇ ಬದಲಾಯಿಸಿಲ್ಲ. ಆ ಮಷಿನ್ನಿಗೆ ಹಾಕಬಹುದಾದ ಕೊನೆಯ ಪೈಥಾನ್ 3.8. ಅದರ ಅಧಿಕೃತ ಬೆಂಬಲ 2024ರ ಅಕ್ಟೋಬರಿಗೇ ಮುಗಿದಿದೆ. ನಾವೂ ಕೈಬಿಡೋಣ ಅಂತ ಜೊತೆಯವರು ಹೇಳಿದ್ದರು, ನಾನೇ ಒಪ್ಪಿರಲಿಲ್ಲ. ನುಡಿ ಫೈಲುಗಳು ಇರುವುದೇ ಇಂಥ ಮಷಿನ್ನುಗಳಲ್ಲಿ ಅಲ್ವಾ?

ಇನ್‌ಸ್ಟಾಲ್ ಆಯಿತು. ಒಂದು ಲಗ್ನಪತ್ರಿಕೆ ಕೊಟ್ಟು ಓಡಿಸಿದ.

“ಏನಪ ಇದು, ಬರೀ ಇಂಗ್ಲಿಷ್ ಬಂದೈತಿ.”

ಬಗ್ಗಿ ನೋಡಿದೆ. ಅದು ಪೈಥಾನಿನ ಎರರ್ ಮೆಸೇಜು, ಕೊನೆಯ ಸಾಲಿನಲ್ಲಿ 0x8d ಅನ್ನುವ ಬೈಟ್ ಓದಲು ಬರುತ್ತಿಲ್ಲ ಅಂತ ಇತ್ತು. ಮೊದಲು ತಲೆಗೆ ಹೋಗಲಿಲ್ಲ. ಎರಡು ಮಿರ್ಚಿ ತಿಂದ ಮೇಲೆ ಹೊಳೆಯಿತು.

ಹಿಂದಿನ ಜೇಸನ್ನಿನಲ್ಲಿ ಕನ್ನಡ ಅಕ್ಷರಗಳೇ ಇರಲಿಲ್ಲ, ಅವುಗಳ ಯುನಿಕೋಡ್ ನಂಬರುಗಳಿದ್ದವು. ಹೊಸಬರಿಗೆ ಓದಲು ಸುಲಭ ಆಗಲಿ ಅಂತ 2.0ಕ್ಕೆ ನಾನೇ ಅವನ್ನೆಲ್ಲ ನೇರ ಕನ್ನಡ ಅಕ್ಷರ ಮಾಡಿದ್ದೆ. ಆದರೆ ಫೈಲ್ ತೆರೆಯುವ ಸಾಲಿನಲ್ಲಿ ಇದು ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮ) ಅಂತ ಬರೆದಿರಲಿಲ್ಲ. ಲಿನಕ್ಸಿನಲ್ಲಿ ಬರೆಯದಿದ್ದರೂ ನಡೆಯುತ್ತದೆ. ವಿಂಡೋಸಿನಲ್ಲಿ ಪೈಥಾನ್ 3.8 ಆ ಮಷಿನ್ನಿನ ಕೋಡ್ ಪೇಜ್, ಅಂದರೆ ಯಾವ ಬೈಟಿಗೆ ಯಾವ ಅಕ್ಷರ ಅನ್ನುವ ಪಟ್ಟಿ, ಹಿಡಿದು ಓದುತ್ತದೆ, ಅಲ್ಲಿದ್ದದ್ದು 1252. ನಮ್ಮ ಅರ್ಧಾಕ್ಷರದ ಗುರುತು ‘್’ ಇದೆಯಲ್ಲ, ಅದು ಯುಟಿಎಫ್-8ರಲ್ಲಿ ಮೂರು ಬೈಟ್: E0, B3, 8D. ಆ ಕೊನೆಯ 8D ಬೈಟಿಗೆ 1252ರಲ್ಲಿ ಯಾವ ಅಕ್ಷರವೂ ಇಲ್ಲ. ಮೊದಲ ಒತ್ತಕ್ಷರ ಸಿಕ್ಕ ಕೂಡಲೇ ಪೈಥಾನ್ ಕೈ ಚೆಲ್ಲಿತ್ತು. ನಮ್ಮ ಆಟೊಮ್ಯಾಟಿಕ್ ಟೆಸ್ಟುಗಳು ಇದನ್ನು ಹಿಡಿಯಲಿಲ್ಲ, ಯಾಕೆಂದರೆ ಅವೆಲ್ಲ ಓಡುತ್ತಿದ್ದದ್ದು ಲಿನಕ್ಸಿನಲ್ಲೇ.

ಸೇರಿಸಬೇಕಾಗಿದ್ದು ಒಂದೇ ಸಾಲು. ಅಲ್ಲೇ ಅವನ ಕುರ್ಚಿಯಲ್ಲಿ ಕೂತು ತಿದ್ದಿದೆ. ಲಗ್ನಪತ್ರಿಕೆ ಸರಿಯಾಗಿ ಬಂತು. ವಧುವಿನ ಊರು ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ, ಅರ್ಕಾವತ್ತು ಜಾಗದಲ್ಲೇ ಕೂತಿತ್ತು. ಮನೆಗೆ ಬಂದು ವಿಂಡೋಸಿನ ಮೇಲೂ ಟೆಸ್ಟ್ ಓಡುವಂತೆ ಮಾಡಿ ಆರ್‌ಸಿ2 ಬಿಟ್ಟೆ. ಅಂಗಡಿಗೆ ಫೋನ್ ಮಾಡಿ ಅದನ್ನೇ ಹಾಕಿಕೊಳ್ಳಲು ಹೇಳಿದೆ. ಹತ್ತು ದಿನ ಕಾದೆವು, ಹೊಸ ದೂರು ಬರಲಿಲ್ಲ.

ರಿಲೀಸಿನ ದಿನ ಮಾಡಿದ್ದು ಸ್ವಲ್ಪವೇ. ವರ್ಷನ್ ನಂಬರ್ ಬದಲಾಯಿಸಿದೆ, ಚೇಂಜ್‌ಲಾಗಿಗೆ ತಾರೀಕು ಹಾಕಿದೆ, ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ಈ ವರ್ಷನ್ನಿನ ಗುರುತಾಗಿ ಟ್ಯಾಗ್ ಹಾಕಿ ಸರ್ವರಿಗೆ ಪುಷ್ ಮಾಡಿದೆ. ಟ್ಯಾಗ್ ಬಂದ ಕೂಡಲೇ ಪ್ಯಾಕೇಜ್ ತಾನೇ ಕಟ್ಟಿಕೊಂಡು ಪೈಪಿಐಗೆ ಹೋಗುವ ಹಾಗೆ ಮಾಡಿಟ್ಟಿದ್ದೇವೆ. ಹತ್ತು ನಿಮಿಷ ಆದರೂ ಏನೂ ಇಲ್ಲ. ನೆಟ್ ಹೋಯಿತೇನೋ ಅಂತ ರೂಟರ್ ಆಫ್ ಮಾಡಿ ಆನ್ ಮಾಡಿದೆ. ಆಮೇಲೆ ನೆನಪಾಯಿತು, ಬರೀ ಗಿಟ್ ಪುಷ್ ಅಂದರೆ ಟ್ಯಾಗ್ ಹೋಗುವುದಿಲ್ಲ, ಅದನ್ನು ಬೇರೆಯಾಗಿಯೇ ಕಳಿಸಬೇಕು. ಪ್ರತಿ ಸಲವೂ ಮರೆಯುತ್ತೇನೆ.

ಹೊರಗೆ ಬಂದ ಮೇಲೆ ಮೊದಲ ಫೋನ್ ಮಂಡಿಪೇಟೆಗೇ. “2.0.0 ಬಂದಿದೆ, ಅಪ್‌ಡೇಟ್ ಮಾಡ್ಕೋ” ಅಂದೆ.

“ಲಗ್ನದ ಸೀಜನ್ ಮುಗೀಲಿ ತಡಿಯಪ, ಈಗ ಇರೋದು ನಡೀತೈತಿ” ಅಂದ. ಅವನ ಹತ್ತಿರ ಇವತ್ತಿಗೂ ಆರ್‌ಸಿ2.