ನೆಲ ಕೊಳ್ಳಲಿಲ್ಲ, ದಾರಿ ಕೇಳಿದೆ: ಪಕ್ಕದ ತೋಟದವರ ಜೊತೆ ಜಂಟಿ ರಸ್ತೆ ಮಾಡಿಕೊಂಡ ನನ್ನ ಅನುಭವ

ಈ ಜನವರಿಯಲ್ಲಿ ನಮ್ಮ ಕಣದ ಅಂಚಿಗೆ ಲಾರಿ ಬಂದು ನಿಂತಿತು. ಆರು ಚಕ್ರದ ಲಾರಿ. 130 ಚೀಲ ಕಾಫಿ ಅರ್ಧ ದಿನದಲ್ಲಿ ತುಂಬಿಕೊಂಡು ಹೊರಟಿತು. ಹೋದ ವರ್ಷದವರೆಗೂ ಹಳೇ ಜೀಪಿನಲ್ಲಿ ಹತ್ತತ್ತು ಚೀಲ ಹಾಕಿಕೊಂಡು ಮೇಲಿನ ಪಂಚಾಯ್ತಿ ರಸ್ತೆಗೆ ಸಾಗಿಸುತ್ತಿದ್ದೆವು. ಮಳೆ ಬಿದ್ದರೆ ಅದೂ ಇಲ್ಲ, ತಲೆಹೊರೆ.

ಮೂಡಿಗೆರೆ ತಾಲ್ಲೂಕಿನ ನಮ್ಮ ಕಡೆ ದಾರಿ ತಕರಾರು ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು. "ಕೋರ್ಟಿಗೆ ಹೋಗು, ಹತ್ತು ವರ್ಷ ಮರೆತುಬಿಡು." ನಾನು ಕೋರ್ಟಿಗೆ ಹೋಗದೆ, ಒಂದು ಗುಂಟೆ ನೆಲವನ್ನೂ ಕೊಳ್ಳದೆ, 12 ಅಡಿ ರಸ್ತೆಯ ಹಕ್ಕನ್ನು ನೋಂದಣಿ ಮಾಡಿಸಿಕೊಂಡೆ. ಆಗಲ್ಲ ಅಂದವರಲ್ಲಿ ಇಬ್ಬರು ಆಮೇಲೆ ಬಂದು ಪತ್ರದ ನಕಲು ತೆಗೆದುಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ. ಪಹಣಿ (ಜಮೀನು ಯಾರದ್ದು ಅನ್ನುವ ದಾಖಲೆ), ಟಿಪ್ಪಣಿ (ಹಳೇ ಸರ್ವೆಯ ಅಳತೆ ಬರೆದ ಕಾಗದ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಇಸಿ (ಜಮೀನಿನ ಮೇಲಿನ ನೋಂದಣಿ, ಸಾಲ ತೋರಿಸುವ ಪತ್ರ) ಇವನ್ನು ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ತೋಟ ಇಟ್ಟುಕೊಂಡವರಿಗೆ ಅದೆಲ್ಲ ಗೊತ್ತಿರುತ್ತದೆ ಅಲ್ವಾ.

ನಮ್ಮದು ಆರು ಎಕರೆ ಚಿಲ್ಲರೆ. ರೊಬಸ್ಟಾ ಕಾಫಿ, ಸಿಲ್ವರ್ ಮರಗಳಿಗೆ ಮೆಣಸು, ಕೆಳಗೆ ಸ್ವಲ್ಪ ಅಡಿಕೆ. ಪಂಚಾಯ್ತಿ ರಸ್ತೆಯಿಂದ ಕಣಕ್ಕೆ ಸುಮಾರು 270 ಅಡಿ. ಪಕ್ಕದ ತೋಟದವರ ಮನೆಗೂ ಅದೇ ದಾರಿ, ಅವರದ್ದು 160 ಅಡಿಗೇ ಮುಗಿಯುತ್ತದೆ. ಆಮೇಲಿನದ್ದು ನಾವೊಬ್ಬರೇ ಬಳಸುವುದು. ದಾರಿ ಗಡಿಯ ಮೇಲೆ ಆ ಕಡೆ ಈ ಕಡೆ ಬಳುಕುತ್ತಾ ಹೋಗುತ್ತದೆ. ಎಷ್ಟು ಅವರದ್ದು, ಎಷ್ಟು ನಮ್ಮದು ಅಂತ ಎರಡೂ ಮನೆಯ ಹಿರಿಯರು ಯಾವತ್ತೂ ಅಳೆದವರಲ್ಲ. 2019ರ ಆಗಸ್ಟ್ ಮಳೆಗೆ ಒಂದು ಕಡೆ ಧರೆ, ಅಂದರೆ ದಾರಿ ಅಂಚಿನ ಮಣ್ಣಿನ ದಿಬ್ಬ, ಕುಸಿಯಿತು. ಎಂಟು ಅಡಿ ಇದ್ದ ದಾರಿ ಆ ಜಾಗದಲ್ಲಿ ಆರಡಿ ಆಯಿತು. ಸರಿ ಮಾಡೋಣ ಅಂತ ನಾನು ಹೊರಟಾಗ ಪ್ರಶ್ನೆ ಎದ್ದಿತು: ಯಾರ ನೆಲದಲ್ಲಿ ಯಾರು ಮಣ್ಣು ಹಾಕುವುದು?

ಮೊದಲ ತಪ್ಪು ನನ್ನದೇ. 2020ರಲ್ಲಿ ವಕೀಲರ ಕಡೆಯಿಂದ ನೋಟಿಸ್ ಕೊಡಿಸಿದೆ. 3,000 ರೂಪಾಯಿ ಖರ್ಚು. ಹದಿನೈದು ದಿನದಲ್ಲಿ ಅವರ ಕಡೆ ಕಲ್ಲುಕಂಬ ನಿಂತವು, ಮುಳ್ಳುತಂತಿ ಎಳೆದರು. ಜೀಪಿನ ಕನ್ನಡಿ ತಂತಿಗೆ ತಾಗುವಷ್ಟು ಹತ್ತಿರ. ಎರಡು ಮನೆಗಳ ನಡುವೆ ಮಾತು ನಿಂತಿತು. ಅವರ ಮನೆಯ ಹೆಂಗಸರು ನಮ್ಮ ಮನೆಗೆ ಗೌರಿಹಬ್ಬದ ಬಾಗಿನಕ್ಕೂ ಬರಲಿಲ್ಲ. ದುಡ್ಡು ಹೋಗಿದ್ದಕ್ಕಿಂತ ಅದು ನನಗೆ ಜಾಸ್ತಿ ನೋವು ಕೊಟ್ಟಿತು.

ನನ್ನ ಧೈರ್ಯ ನಿಂತಿದ್ದು ಅಪ್ಪ ಬರೆಸಿಕೊಂಡಿದ್ದ ಒಂದು ಛಾಪಾ ಕಾಗದದ ಮೇಲೆ. ಪಕ್ಕದ ಮನೆಯ ಹಿರಿಯರು "ತಾವು ಓಡಾಡಲು ನನ್ನದೇನೂ ಅಡ್ಡಿ ಇಲ್ಲ" ಅಂತ ಬರೆದು ಸಹಿ ಹಾಕಿದ್ದರು. ಇನ್ನೊಬ್ಬ ವಕೀಲರು ಅದನ್ನು ಓದಿ ಮಡಚಿ ನನ್ನ ಕೈಗೇ ಕೊಟ್ಟರು. 1882ರ ಈಸ್‌ಮೆಂಟ್ ಕಾಯ್ದೆಯ (ಇನ್ನೊಬ್ಬರ ನೆಲದಲ್ಲಿ ದಾರಿಯಂಥ ಹಕ್ಕಿನ ಕಾನೂನು) 15ನೇ ಕಲಂ ಪ್ರಕಾರ 20 ವರ್ಷ ಓಡಾಡಿದರೆ ಹಕ್ಕು ಬರುತ್ತದೆ, ನಿಜ. ಆದರೆ ಆ ಓಡಾಟ ಹಕ್ಕು ಅಂತಲೇ ನಡೆದಿರಬೇಕು. ಒಪ್ಪಿಗೆ ಕೇಳಿಕೊಂಡು ನಡೆದರೆ ಅದು ಬರೀ ಅನುಮತಿ. ನಾವು ಭದ್ರ ಅಂದುಕೊಂಡು ಟ್ರಂಕಿನಲ್ಲಿ ಇಟ್ಟಿದ್ದ ಕಾಗದವೇ ನಮಗೆ ಎದುರು ಸಾಕ್ಷಿ. ಬರೆದ ಹಿರಿಯರೂ ತೀರಿಕೊಂಡಿದ್ದರು. ನಿಮ್ಮ ಮನೆಯಲ್ಲೂ ಇಂಥ ಕಾಗದ ಇದ್ದರೆ ಇವತ್ತೇ ತೆಗೆದು ಓದಿ.

ಇನ್ನು 13ನೇ ಕಲಂ, ಅಂದರೆ ಬೇರೆ ದಾರಿಯೇ ಇಲ್ಲ ಅನ್ನುವ ಹಕ್ಕು. ಅದಕ್ಕೆ ಎರಡೂ ಜಮೀನು ಹಿಂದೆ ಒಬ್ಬರದ್ದೇ ಆಗಿದ್ದು, ಮಾರಾಟದಲ್ಲೋ ಪಾಲಿನಲ್ಲೋ ಬೇರೆಯಾಗಿರಬೇಕು. ನಮ್ಮದು ಹಾಗಲ್ಲ. ಮೇಲಾಗಿ ಬೇಸಿಗೆಯಲ್ಲಿ ಹಳ್ಳದ ಕಡೆಯಿಂದ ಹೇಗೋ ಟ್ರ್ಯಾಕ್ಟರ್ ತರಬಹುದು. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

2021ರಲ್ಲಿ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದೆ. ಗ್ರಾಮನಕಾಶೆ ತೆಗೆಸಿ ನೋಡಿದರೆ ಬಂಡಿದಾರಿಯ ಚುಕ್ಕಿಗೆರೆ ಹಳ್ಳದವರೆಗೆ ಮಾತ್ರ ಇದೆ. ನಮ್ಮ ಸರ್ವೆ ನಂಬರ್ ಮುಟ್ಟುವುದೇ ಇಲ್ಲ. ನಕಾಶೆಯಲ್ಲಿ ಇರುವ ದಾರಿ ಮುಚ್ಚಿದ್ದರೆ ತೆರೆಸುವುದು ಸುಲಭ, ಇಲ್ಲದ ದಾರಿಯನ್ನು ಯಾರೂ ತೆರೆಸಲ್ಲ. ಒಂದು ವರ್ಷ ಹೀಗೇ ಹೋಯಿತು.

ಕೆಲಸಕ್ಕೆ ಬಂದಿದ್ದು ಹದ್ದುಬಸ್ತು, ಅಂದರೆ ಸರ್ಕಾರಿ ಸರ್ವೇಯರ್ ಗಡಿ ಅಳೆದು ಗುರುತು ಮಾಡುವುದು. 2022ರ ಬೇಸಿಗೆಯಲ್ಲಿ ಸರ್ವೇಯರ್ ಬಂದರು. ಉಪಗ್ರಹದ ಸಿಗ್ನಲ್‌ನಿಂದ ಅಳೆಯುವ ರೋವರ್ ಯಂತ್ರ ತಂದಿದ್ದರು. ಮರದ ನೆರಳಿನಲ್ಲಿ ಅದಕ್ಕೆ ಸಿಗ್ನಲ್ ನಿಲ್ಲಲಿಲ್ಲ. ಕಡೆಗೆ ಹಳೇ ಸರಪಳಿಯೇ ಬೇಕಾಯಿತು, 33 ಅಡಿಯದ್ದು. ಟಿಪ್ಪಣಿ ಹಿಡಿದು ಅಳೆಯುತ್ತಾ ಬಂದು, ಲಂಟಾನ ಪೊದೆಯ ಹತ್ತಿರ "ಇಲ್ಲೇ ಇರಬೇಕು" ಅಂದರು. ನಾನೇ ಕತ್ತಿಯಲ್ಲಿ ಪೊದೆ ಸವರಿದೆ. ತರಗೆಲೆ ಒಂದು ಮೊಳ ಇತ್ತು. ಅದರ ಕೆಳಗೆ ಕಪ್ಪು ಮಣ್ಣು, ಆಮೇಲೆ ಕತ್ತಿ ಠಣ್ ಅಂತು. ಬೆರಳಿನಿಂದ ಮಣ್ಣು ಕೆರೆದೆ. ಪಾಚಿ ಹಿಡಿದ ಬಾಂದುಕಲ್ಲು (ಗಡಿಕಲ್ಲು), ಒಂದು ಕಡೆಗೆ ವಾಲಿತ್ತು, ತಲೆಯ ಮೇಲೆ ಉಳಿಯ ಗುರುತು ಹಾಗೇ ಇತ್ತು. ತಂತಿಯ ಆ ಕಡೆ ಪಕ್ಕದ ಮನೆಯವರೂ ನಿಂತು ನೋಡುತ್ತಿದ್ದರು.

ಆ ಕಲ್ಲಿನಿಂದ ಗೆರೆ ಎಳೆದಾಗ ಹೊರಬಿದ್ದ ವಿಷಯ ಇದು: ಪಂಚಾಯ್ತಿ ರಸ್ತೆಯಿಂದ ಮೊದಲ 70 ಅಡಿ ಬಹುಪಾಲು ನಮ್ಮ ಸರ್ವೆ ನಂಬರಿನಲ್ಲೇ ಇದೆ. ನಡುವಿನ ಭಾಗ ಪೂರ್ತಿ ಅವರದ್ದು. ಅಂದರೆ ಅವರು ನನ್ನನ್ನು ನಿಲ್ಲಿಸಬಹುದು, ನಾನು ಅವರನ್ನು ನಿಲ್ಲಿಸಬಹುದು. "ಈಗ ನೀನೂ ತಂತಿ ಎಳಿ" ಅಂತ ಊರಿನವರು ಹುರಿದುಂಬಿಸಿದರು. ನಾನು ಎಳೆಯಲಿಲ್ಲ. ಈ ಇಡೀ ಕತೆಯಲ್ಲಿ ನಾನು ಮಾಡಿದ ಒಳ್ಳೇ ಕೆಲಸ ಅಂದರೆ ಅದೇ ಅಂತ ಈಗಲೂ ಅನ್ನಿಸುತ್ತದೆ.

ಆಮೇಲೆ ನೆಲ ಕೊಳ್ಳಲು ನೋಡಿದೆ. 12 ಅಡಿ ಅಗಲ, 270 ಅಡಿ ಉದ್ದ ಅಂದರೆ ಹತ್ತಿರ ಹತ್ತಿರ ಮೂರು ಗುಂಟೆ. ಅದರಲ್ಲಿ ಅವರದ್ದು ಒಂದೂವರೆಗಿಂತ ಸ್ವಲ್ಪ ಜಾಸ್ತಿ. ಮಾರ್ಕೆಟ್ ರೇಟಿನ ಎರಡು ಪಟ್ಟು ಕೊಡುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ಅವರ ಮಾತು ನೇರವಾಗಿತ್ತು: "ಅಪ್ಪ ಬಿಟ್ಟು ಹೋದ ಪಹಣಿಯಲ್ಲಿ ಒಂದು ಗುಂಟೆಯೂ ಕಮ್ಮಿ ಆಗಬಾರದು." ಆಗ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ನಾನಾದರೂ ಅದನ್ನೇ ಹೇಳುತ್ತಿದ್ದೆ.

ಒಂದು ದಿನ ಮೆಣಸು ಕೊಯ್ಲಿನ ಏಣಿ ಎತ್ತುವಾಗ ತಲೆಯ ಮೇಲಿನ ಕರೆಂಟ್ ತಂತಿ ನೋಡಿ ಹೊಳೆಯಿತು. ತಂತಿ ನಮ್ಮ ತೋಟದ ಮೇಲೆ ಹೋಗುತ್ತದೆ. ನೆಲ ನಮ್ಮದೇ, ಪಹಣಿ ನಮ್ಮದೇ. ರಸ್ತೆಗೂ ಹಾಗೆ ಯಾಕಾಗಬಾರದು? ಗಡಿಗೆರೆ ನಡುವೆ ಇಟ್ಟುಕೊಂಡು, ಆ ಕಡೆ ಆರಡಿ ಈ ಕಡೆ ಆರಡಿ. ಅವರ ಆರಡಿಯಲ್ಲಿ ನಮಗೆ ದಾರಿಯ ಹಕ್ಕು, ನಮ್ಮ ಆರಡಿಯಲ್ಲಿ ಅವರಿಗೆ. ಪರಸ್ಪರ ಅನುಭೋಗದ ಹಕ್ಕಿನ ಪತ್ರ. ಯಾರ ಪಹಣಿಯಲ್ಲೂ ಏನೂ ಬದಲಾಗಲ್ಲ, 11ಇ ನಕ್ಷೆ (ಜಮೀನಿನ ಭಾಗ ಮಾರುವಾಗ ಬೇಕಾದ ಸರ್ವೆ ನಕ್ಷೆ) ಬೇಡ, ಪೋಡಿ (ಸರ್ವೆ ನಂಬರ್ ಒಡೆಯುವುದು) ಬೇಡ. ಪತ್ರ ಬರಹಗಾರರು ಇಬ್ಬರು "ಇಂಥ ಪತ್ರ ನಾವು ಬರೆದೇ ಇಲ್ಲ, ನಿಲ್ಲಲ್ಲ" ಅಂದರು. ಮೂರನೆಯವರು ಒಪ್ಪಿಕೊಂಡರು.

ಪಕ್ಕದವರು ಮಾತಿಗೆ ಬಂದಿದ್ದು 2024ರಲ್ಲಿ, ರೊಬಸ್ಟಾಗೆ ಯಾರೂ ಕಾಣದ ರೇಟು ಬಂದಾಗ. ಚೀಲಕ್ಕೆ ಅಷ್ಟು ಬೆಲೆ ಬಂದ ಮೇಲೆ ರಾತ್ರಿ ಕಣದಲ್ಲಿ ಬಿಡಲು ಇಬ್ಬರಿಗೂ ಭಯ. ಒಣಗಿದ ಕೂಡಲೇ ಲಾರಿಗೆ ಹಾಕಬೇಕು. ಕುಸಿದ ಧರೆ ದಾಟಿ ಲಾರಿ ಅವರ ಮನೆಗೂ ಬರುತ್ತಿರಲಿಲ್ಲ. ಮೊದಲ ಮಾತು ಹೇಗೆ ತೆಗೆದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದು ಎರಡು ಮನೆಯ ವಿಷಯ. ಆ 70 ಅಡಿಗೆ ನಾನು ತಂತಿ ಎಳೆದಿದ್ದರೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ, ಅಷ್ಟು ಹೇಳಬಲ್ಲೆ.

ಕೂತು ಮಾತಾಡಿದಾಗ ಗೊತ್ತಾಗಿದ್ದು, ಅವರ ನಿಜವಾದ ಭಯ ಲಾರಿಯದ್ದಲ್ಲ, ಹೋಂಸ್ಟೇಯದ್ದು. ನಾಳೆ ನಾನು ಹೋಂಸ್ಟೇ ಮಾಡಿ ಶನಿವಾರ ಭಾನುವಾರ ಅವರ ಮನೆ ಮುಂದೆ ಇಪ್ಪತ್ತು ಕಾರು ಓಡಿಸಿದರೆ? ನಮ್ಮ ಜಿಲ್ಲೆಯಲ್ಲಿ ಇದು ಸುಮ್ನೆ ಭಯ ಅಲ್ಲ. ನಾಲ್ಕು ವರ್ಷ ನಾವು ಅಡಿ ಅಂಗುಲದ ಬಗ್ಗೆ ಜಗಳ ಆಡಿದ್ದೆವು, ಈ ಮಾತು ಒಮ್ಮೆಯೂ ಬಂದಿರಲಿಲ್ಲ. ದಾರಿ ವ್ಯವಸಾಯಕ್ಕೆ ಮತ್ತು ವಾಸಕ್ಕೆ ಮಾತ್ರ, ವ್ಯಾಪಾರಕ್ಕೆ ಬಳಸಬೇಕಾದರೆ ಇನ್ನೊಬ್ಬರ ಲಿಖಿತ ಒಪ್ಪಿಗೆ ಬೇಕು ಅಂತ ಬರೆಸಿದೆ. ಅರ್ಧ ಗಂಟೆಯಲ್ಲಿ ಒಪ್ಪಿದರು.

ಆಮೇಲೂ ಎರಡು ಕಡೆ ಸಿಕ್ಕಿಹಾಕಿಕೊಂಡೆವು. ಒಂದು, ಪಕ್ಕದವರ ಪಹಣಿ ಅವರ ಅಕ್ಕನ ಜೊತೆ ಜಂಟಿ. ಅಕ್ಕ ಬೆಂಗಳೂರಿನಲ್ಲಿ. ಅವರ ಸಹಿ ಇಲ್ಲದೆ ಮಾಡಿದರೆ ಮುಂದೆ ಯಾರಾದರೂ ಎಳೆದು ಬೀಳಿಸಬಹುದು. ಅವರು ದೀಪಾವಳಿಗೆ ಬಂದಾಗ ದಾರಿಯುದ್ದಕ್ಕೂ ನಡೆದು ನೋಡಿದರು. ಕುಸಿದ ಧರೆಯ ಹತ್ತಿರ ನಿಂತು, "ಇಲ್ಲೊಂದು ಹಲಸಿನ ಮರ ಇತ್ತಲ್ಲ, ಸ್ಕೂಲಿಂದ ಬರುವಾಗ ಇಲ್ಲೇ ಕೂರ್ತಿದ್ವಿ" ಅಂದರು. ಇತ್ತು, ಧರೆಯ ಜೊತೆ ಹೋಯಿತು ಅಂದೆ. ಸಹಿ ಹಾಕಲು ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಎರಡನೆಯದು ಬೆಳೆಸಾಲ. ಎರಡೂ ಜಮೀನಿನ ಮೇಲೆ ಸಾಲ ಇತ್ತು, ಇಸಿಯಲ್ಲಿ ಕಾಣುತ್ತದೆ. ಬ್ಯಾಂಕಿನಿಂದ ಒಪ್ಪಿಗೆ ಪತ್ರ ಬೇಕು ಅನ್ನುವುದು ನೋಂದಣಿಗೆ ಹೋದ ದಿನವೇ ಗೊತ್ತಾಯಿತು. ಒಂದು ಬ್ಯಾಂಕು ಎರಡು ತಿಂಗಳು ತೆಗೆದುಕೊಂಡಿತು. ಇನ್ನೊಂದರಿಂದ ಎಂಟು ದಿನದಲ್ಲಿ ತಂದೆ. ಎಂಟು ದಿನದಲ್ಲಿ ಹೇಗೆ ಅನ್ನುವುದನ್ನು ಎದುರಿಗೆ ಸಿಕ್ಕವರಿಗೆ ಹೇಳುತ್ತೇನೆ.

ಪತ್ರದಲ್ಲಿ ನಾನು ಹಟ ಹಿಡಿದು ಹಾಕಿಸಿದ ಮಾತುಗಳಿವೆ. ಹಕ್ಕು ನಮಗಷ್ಟೇ ಅಲ್ಲ, ವಾರಸುದಾರರಿಗೆ ಮತ್ತು ಮುಂದೆ ಕೊಳ್ಳುವವರಿಗೂ. ದಾರಿಯಲ್ಲಿ ವಾಹನ ನಿಲ್ಲಿಸುವಂತಿಲ್ಲ. ಗೇಟು ಒಂದೇ, ಕೀ ಎರಡು. ನಮ್ಮ ಆರಡಿಯ ಅಂಚಿನಲ್ಲಿ ಇಬ್ಬರ ನೀರಿನ ಪೈಪ್ ಹೂಳಬಹುದು. ಮೊದಲ 160 ಅಡಿಯ ರಿಪೇರಿ ಇಬ್ಬರದ್ದೂ ಸಮ, ಆಮೇಲಿನದ್ದು ನನ್ನದೇ. ಅಳತೆಯನ್ನು ಮೂರು ಕಡೆಯಿಂದ ಬರೆಸಿದೆ: ಬಾಂದುಕಲ್ಲು, ಮೋರಿಯ ಮೂಲೆ, ಅವರ ಮನೆಯ ಪಾಯದ ಕಲ್ಲು. ಮರದಿಂದ ಅಳತೆ ಬರೆಸಬೇಡಿ, ಮರ ಬೀಳುತ್ತದೆ. ಮುಖ್ಯ ವಿಷಯ ಷೆಡ್ಯೂಲ್, ಅಂದರೆ ಪತ್ರದ ಕೊನೆಯ ಆಸ್ತಿ ವಿವರ. ಎರಡೂ ಸರ್ವೆ ನಂಬರ್ ಬೇರೆ ಬೇರೆಯಾಗಿ ಬರಬೇಕು, ಮೂರನೆಯದಾಗಿ ರಸ್ತೆ, ಜೊತೆಗೆ ಸಹಿ ಮಾಡಿದ ನಕ್ಷೆ. ನೋಂದಣಿಯಾದ ವಾರಕ್ಕೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಎರಡೂ ನಂಬರಿನ ಇಸಿ ತೆಗೆದೆ. ಎರಡರಲ್ಲೂ ಪತ್ರ ಕಂಡಿತು. ಅವತ್ತು ರಾತ್ರಿ ನೆಮ್ಮದಿಯಾಗಿ ಮಲಗಿದೆ.

2025ರ ಮೊದಲ ತಿಂಗಳುಗಳಲ್ಲಿ ಇದು ಮುಗಿಯಿತು. ಸ್ಟಾಂಪು, ನೋಂದಣಿ, ಬರಹ ಎಲ್ಲ ಸೇರಿ 22 ಸಾವಿರದ ಹತ್ತಿರ ಅಂತ ನೆನಪು. ಆಗ ನೋಂದಣಿ ಶುಲ್ಕ ಶೇ. 1 ಇತ್ತು, ಆ ವರ್ಷದ ಆಗಸ್ಟ್ ಕೊನೆಯಿಂದ ಶೇ. 2 ಆಗಿದೆ, ಲೆಕ್ಕ ಹಾಕುವಾಗ ನೋಡಿಕೊಳ್ಳಿ. ದಾರಿ ನೇರ ಮಾಡಲು ಅವರ ಕಡೆ 17 ಗಿಡ, ನಮ್ಮ ಕಡೆ 11 ಗಿಡ ಹೋದವು. ಅವರ ಗಿಡಕ್ಕೆ ತಲಾ 1,500 ಕೊಟ್ಟೆ, ಎರಡು ಮೆಣಸಿನ ಬಳ್ಳಿಗೆ ಬೇರೆ. ಅವರು ಕೇಳಿರಲಿಲ್ಲ. ಫಲ ಕಟ್ಟಿದ ಗಿಡ ಕಡಿಯುವಾಗ ದುಡ್ಡು ಕೈಯಲ್ಲಿ ಇರಬೇಕು, ಆಮೇಲೆ ಕೊಡುತ್ತೇನೆ ಅನ್ನಬಾರದು. ನೋಟಿಸು, ಅರ್ಜಿ, ಓಡಾಟ ಅಂತ ಅದಕ್ಕೆ ಮೊದಲು ಸುಮ್ನೆ ಕಳೆದದ್ದು 45 ಸಾವಿರಕ್ಕೆ ಕಮ್ಮಿ ಇಲ್ಲ.

ರಸ್ತೆಯ ಕೆಲಸದಲ್ಲೂ ಒಂದಿಷ್ಟು ಪ್ರಯೋಗ ಮಾಡಿದೆ. ಇಳಿಜಾರು 150 ಅಡಿ. ಅಲ್ಲಿಗೆ ಮೊದಲು ಕಾಫಿ ಹೊಟ್ಟು ಹರಡಿ ನೋಡಿದೆ, ಕೆಸರು ಹೀರುತ್ತದೆ ಅಂತ. ಎರಡು ಮಳೆಗೆ ಸೋಪಿನ ಹಾಗೆ ಆಯಿತು, ಜೀಪು ಅಡ್ಡ ತಿರುಗಿತು. ಅದನ್ನು ಯಾರೂ ಮಾಡಬೇಡಿ. ಕಡೆಗೆ ಚಕ್ರ ಓಡುವ ಜಾಗಕ್ಕೆ ಮಾತ್ರ ಎರಡೂವರೆ ಅಡಿಯ ಎರಡು ಕಾಂಕ್ರೀಟ್ ಪಟ್ಟಿ ಹಾಕಿದೆ, ಐದು ಇಂಚು ದಪ್ಪ. ನಡುವೆ ಹುಲ್ಲು. 60 ಚೀಲ ಸಿಮೆಂಟ್ ಹಿಡಿಯಿತು, ಕೂಲಿ ಸೇರಿ 70 ಸಾವಿರ ಚಿಲ್ಲರೆ. ಪೂರ್ತಿ ಅಗಲ ಹಾಕಿದ್ದರೆ ದುಪ್ಪಟ್ಟಿಗಿಂತ ಮೇಲೆ. ಮೇಲ್ಮೈಗೆ ಪೊರಕೆ ಎಳೆದು ಗೀರು ಮಾಡಿಸಿದೆ, ಚಕ್ರ ಜಾರದ ಹಾಗೆ. ಕುಸಿದ ಧರೆಗೆ ಲಾವಂಚ ನೆಟ್ಟೆ, ಅರ್ಧ ಅಡಿಗೊಂದು ಬುಡ. ಹೋದ ಮಳೆಗಾಲದಲ್ಲಿ ಒಂದು ಹೆಂಟೆಯೂ ಜಾರಲಿಲ್ಲ. ಪಕ್ಕದವರೂ ನಮ್ಮಲ್ಲಿಂದಲೇ ಬುಡ ಒಯ್ದು ಅವರ ಕೆರೆ ಏರಿಗೆ ನೆಟ್ಟಿದ್ದಾರೆ.

ಅಡ್ಡಚರಂಡಿ ಮಾತ್ರ ಇನ್ನೂ ಸರಿಯಾಗಿಲ್ಲ. ಮೂರು ಹಾಕಿದೆ, ನಾಲ್ಕು ಬೇಕಿತ್ತು. ಅವರ ಮನೆ ತಿರುವಿನಲ್ಲಿ ನೀರು ಪಟ್ಟಿ ಹತ್ತಿ ಹರಿಯುತ್ತದೆ. ಈ ಮೇನಲ್ಲಿ ನಾಲ್ಕನೆಯದು ತೋಡುತ್ತೇವೆ. ಪೈಪ್ ನಾನು ತರುವುದು, ಆಳು ಅವರು ಕಳಿಸುವುದು ಅಂತ ಮಾತಾಗಿದೆ. ತಂತಿಯನ್ನು ಅವರೇ ಬಿಚ್ಚಿ ಸುರುಳಿ ಸುತ್ತಿ ಇಟ್ಟಿದ್ದಾರೆ. ಕಲ್ಲುಕಂಬಗಳಲ್ಲಿ ಎರಡನ್ನು ಗೇಟಿಗೆ ಬಳಸಿದೆವು.