ಡಬ್ಬಿ ಚಟ್ನಿಗೆ ಬೆಳ್ಳುಳ್ಳಿ ಹಾಕುವುದು ಹೇಗೆ?

ಬೆಳಿಗ್ಗೆ ಎಂಟಕ್ಕೆ ಡಬ್ಬಿಗೆ ಹಾಕಿದ ಕಾಯಿ ಚಟ್ನಿ, ಮಧ್ಯಾಹ್ನ ಮುಚ್ಚಳ ತೆಗೆದರೆ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಇದು ಮಾಮೂಲು. ‘ಬೆಳ್ಳುಳ್ಳಿ ಹಾಕಿದ್ನಲ್ಲ, ಯಾಕೆ ಕೆಡ್ತು?’ ಎಂದು ನಮ್ಮ ಆಫೀಸಿನಲ್ಲಿ ಎಷ್ಟೋ ಜನ ಕೇಳಿದ್ದಾರೆ. ಸುಮ್ನೆ ಹಾಕಿದರೆ ಸಾಲದು.

1. ಕೈ ಸೋಪಿನಲ್ಲಿ ತೊಳೆದು ಕಾಯಿ ತುರಿಯಿರಿ. ರುಬ್ಬಲು ಕುದಿಸಿ ಆರಿಸಿದ ನೀರು.

2. ಈಗ ಬೆಳ್ಳುಳ್ಳಿ. ಎಲ್ಲರೂ ಎಡವುವುದು ಇಲ್ಲೇ. ಬ್ಯಾಕ್ಟೀರಿಯಾ ವಿರುದ್ಧ ಕೆಲಸ ಮಾಡುವ ಆಲಿಸಿನ್ ಇಡೀ ಎಸಳಿನಲ್ಲಿ ಇರುವುದಿಲ್ಲ. ಆಲಿನ್ ಎಂಬ ರಾಸಾಯನಿಕ ಒಂದು ಕಡೆ, ಆಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ ಎರಡೂ ಸೇರಿ ಆಲಿಸಿನ್ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ಆ ಘಾಟು ಅದರದ್ದೇ. 1944ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಕ್ಯಾವಲಿಟೊ ಮತ್ತು ಬೈಲಿ ಆಲಿಸಿನ್ ಅನ್ನು ಬೇರ್ಪಡಿಸಿ ತೋರಿಸಿದರು.

ನಾಲ್ಕು ಎಸಳು, ಚಿಟಿಕೆ ಉಪ್ಪು. ಕುಟ್ಟಾಣಿಯಲ್ಲಿ ಹಾಕಿ, ಒಂದು ತುಣುಕೂ ಉಳಿಯದ ಹಾಗೆ ಜಜ್ಜಿ. ಅಂಟಂಟಾಗಿ ಒರಳಿನ ಗೋಡೆಗೆ ಹಿಡಿಯಬೇಕು. ಐದು ನಿಮಿಷ ಹಾಗೇ ಬಿಡಿ. ರುಚಿಗೆಂದು ಇಡೀ ಎಸಳನ್ನು ಎಣ್ಣೆಯಲ್ಲಿ ಹುರಿಯುತ್ತಾರೆ, ಆಗ ಆ ಕಿಣ್ವವೇ ಹಾಳಾಗುತ್ತದೆ. ಹುಣಸೆಹಣ್ಣಿನ ಜೊತೆಗೇ ಮಿಕ್ಸಿಗೆ ಹಾಕುವುದೂ ಬೇಡ, ಹುಳಿ ಜಾಸ್ತಿಯಾದರೆ ಕಿಣ್ವ ಮಂಕಾಗುತ್ತದೆ. ಸಣ್ಣ ಎಸಳಿನ ನಾಟಿ ಬೆಳ್ಳುಳ್ಳಿಯನ್ನೇ ತನ್ನಿ. ಪ್ಯಾಕೆಟ್ಟಿನ ಪೇಸ್ಟ್ ಈ ಕೆಲಸಕ್ಕೆ ಬೇಡವೇ ಬೇಡ. ತೆರೆದು ಮೂಸಿ ನೋಡಿ, ಆಗತಾನೇ ಜಜ್ಜಿದ್ದರ ಘಾಟು ಅಷ್ಟಾಗಿ ಇರುವುದಿಲ್ಲ.

ಲವಂಗದಲ್ಲಿರುವ ಯುಜಿನಾಲ್, ಓಂಕಾಳಿನಲ್ಲಿರುವ ಥೈಮಾಲ್ ಎಂಬ ಅಂಶಗಳು ಕೂಡ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ. ಹಾಗಂತ ಸುವಾಸನೆಗೆ ಮಾರುವ ಲವಂಗದೆಣ್ಣೆ ಬಾಟಲಿಯನ್ನು ಅಡುಗೆಗೆ ಬಗ್ಗಿಸಬೇಡಿ.

3. ಕಾಯಿ, ಹುರಿಗಡಲೆ, ಮೆಣಸಿನಕಾಯಿ ರುಬ್ಬಿ. ಜಜ್ಜಿದ ಬೆಳ್ಳುಳ್ಳಿ ಸೇರಿಸಿ. ಕೊನೆಗೆ ಹುಣಸೆಹಣ್ಣು. ಹುಳಿಯಿದ್ದರೆ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನ, ಆದ್ದರಿಂದ ಜಿಪುಣತನ ಬೇಡ.

4. ಒಗ್ಗರಣೆ ಆರಿದ ಮೇಲೆ ಬೆರೆಸಿ.

5. ಚಟ್ನಿಯನ್ನು ಫ್ರಿಜ್ಜಿನಲ್ಲಿ ತಣ್ಣಗಾಗಿಸಿಯೇ ಡಬ್ಬಿಗೆ ಹಾಕಿ. ಆಫೀಸಿಗೆ ಹೋದ ತಕ್ಷಣ ಮತ್ತೆ ಫ್ರಿಜ್ಜಿಗೆ, 5 ಡಿಗ್ರಿಗಿಂತ ಕೆಳಗೆ. ಲ್ಯಾಬಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಗಿಡದ ಅಂಶಗಳು ಊಟದಲ್ಲಿ ಅಷ್ಟು ಜೋರಾಗಿ ಕೆಲಸ ಮಾಡುವುದಿಲ್ಲ. ಕಾಯಿಯ ಕೊಬ್ಬು ಅವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಬೆಳ್ಳುಳ್ಳಿ ನೆರವಿಗೆ ಬರುತ್ತದೆ ಅಷ್ಟೇ, ಫ್ರಿಜ್ಜಿನ ಕೆಲಸ ಅದು ಮಾಡದು. ಫ್ರಿಜ್ಜಿನ ಹೊರಗೆ ಹೆಚ್ಚೆಂದರೆ ಎರಡು ಗಂಟೆ, ಸುಡುಬಿಸಿಲಿನ ದಿನ ಒಂದೇ ಗಂಟೆ. ಅದು ದಾಟಿದರೆ ಚೆಲ್ಲಿ. ಕುದಿಸಿದರೆ ಸರಿಹೋಗುತ್ತದೆ ಅಂತ ನಂಬಬೇಡಿ. ನಮ್ಮ ಕೈಯಿಂದಲೇ ಊಟಕ್ಕೆ ಸೇರುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ.

ಜಜ್ಜಿದ ಬೆಳ್ಳುಳ್ಳಿ ಮಿಕ್ಕರೆ ಎಣ್ಣೆಯಲ್ಲಿ ಮುಳುಗಿಸಿ ಕಟ್ಟೆಯ ಮೇಲೆ ಇಡಬೇಡಿ. ಗಾಳಿಯಿಲ್ಲದ ಆ ಎಣ್ಣೆಯೊಳಗೆ ಬೊಟುಲಿಸಂ ಎಂಬ ಅಪಾಯಕಾರಿ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಬಣ್ಣ, ವಾಸನೆಯಿಂದ ಅದು ಗೊತ್ತಾಗುವುದಿಲ್ಲ. ಅವತ್ತಿನ ಸಾರಿಗೇ ಹಾಕಿ ಮುಗಿಸಿ.